ಅಲ್ಲೇನಿಲ್ಲ

ಆರಕ್ಕೆ ಸರಿಯಾಗಿ ಸೇತುವೆ ಬಳಿ ಬಂದಳು,
ಗ್ರಾಟ್ಸ್ ಕಡೆಯವಳು, ಹೆಸರು ಹೈಡ್ರುನ್.
ಅಂಗಡಿಯ ಮಡಿಕೆ ಇನ್ನೂ ಬಿಡದ
ಎದೆಮಟ್ಟದ ರಬ್ಬರ್ ಷರಾಯಿ.
ಮುಂಗಡ ಕೊಟ್ಟಾಗಿದೆ, ಹಾಗಾಗಿ ಸಂಜೆಯವರೆಗೆ
ಸೋಚಾ ನದಿಯ ಬಾಯಿ ನಾನು.

ಹೇಳಿದೆ: ನಿಮ್ಮ ನೆರಳು ನೀರಿಗೆ ಬೀಳಬಾರದು.
ಕೋಲು ಗಡಿಯಾರದ ಹತ್ತಕ್ಕೆ, ಅಲ್ಲಿಂದ ಒಂದಕ್ಕೆ,
ನಡುವೆ ಒಂದಿಷ್ಟು ತಡೆಯಿರಿ,
ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲಿ.
ಎಲ್ಲರೂ ಎಡವುವುದು
ಆ ತಡೆಯುವುದರಲ್ಲೇ.

ಡಬ್ಬಿ ತೆರೆದೆ. ಹಿಮ ಬಿದ್ದ ತಿಂಗಳುಗಳಲ್ಲಿ
ಒಲೆಯ ಪಕ್ಕ ಕೂತು ಕಟ್ಟಿದ್ದು:
ಮೊಲದ ಕಿವಿಯ ತುಪ್ಪುಳು,
ಹುಂಜದ ಕುತ್ತಿಗೆಯ ಗರಿ,
ಹೆಂಡತಿಯ ಹಳೇ ಸ್ವೆಟರಿನ ಒಂದೆಳೆ.
‘ಇದು ಯಾವ ಹುಳ?’ ಅಂದಳು.
ಯಾವುದೂ ಅಲ್ಲ, ಮೀನು ಹೌದೆಂದರೆ ಸಾಕು.
ನಕ್ಕಳು.
ಸುಳ್ಳಿಗೆ ನೂಲು ಸುತ್ತುವುದು ನನ್ನ ಕಸುಬು.

ಹತ್ತರೊಳಗೆ ಎರಡು ಸಣ್ಣ ಟ್ರೌಟು.
ಒದ್ದೆ ಕೈಯಲ್ಲೇ ಹಿಡಿಯಬೇಕೆಂದು ತೋರಿಸಿದೆ,
ಕೊಕ್ಕೆಗೆ ಮುಳ್ಳಿಲ್ಲ, ಸಲೀಸಾಗಿ ಬಂತು.
ಅಂಗೈ ಬಿಟ್ಟ ಮೇಲೂ ಎರಡನೆಯದು
ಕೊಂಚ ಹೊತ್ತು ಅಲ್ಲೇ ನಿಂತಿತ್ತು,
ಏನೋ ಮರೆತು ಬಂದವರ ಹಾಗೆ.

ಆಮೇಲೆ ಬೀಚ್ ಮರ ಬಾಗಿದ ತಿರುವು.
ಒಂಬತ್ತು ವರ್ಷದಿಂದ, ಬಂದ ಅತಿಥಿಗಳಿಗೆಲ್ಲ
ಇಲ್ಲಿ ನನ್ನದು ಒಂದೇ ಮಾತು:
ಅಲ್ಲೇನಿಲ್ಲ, ಬನ್ನಿ, ಮುಂದೆ ಚೆನ್ನಾಗಿದೆ.
ಅಪ್ಪ ಅದನ್ನು ಕಂಡದ್ದು ಎರಡು ಸಲ,
ನಾನು ನಾಲ್ಕು.
ಯಾಕೆ ಕಾಯುತ್ತೀಯ ಅಂದರೆ ಉತ್ತರವಿಲ್ಲ.
ಪುಣ್ಯಕ್ಕಂತೂ ಅಲ್ಲ.
ಒಂದು ಫೋಟೋ ಸಾಕು,
ಮರುದಿನ ಸೇತುವೆ ಮೇಲೆ ಹನ್ನೆರಡು ಕಾರು.
ಅದೂ ಪೂರ್ತಿ ನಿಜವಲ್ಲ. ಊರಿಗೆಲ್ಲ ತೋರಿಸುವ ನದಿಯಲ್ಲಿ
ತೋರಿಸದ್ದೊಂದು ನನಗೂ ಇರಲಿ ಅಂತಲೋ ಏನೋ.

‘ಅಲ್ಲೇನಿಲ್ಲ’ ಅಂದೆ.
ಬೇರಿನಡಿ ಕಲ್ಲೊಂದು ಎದ್ದು,
ನಿಧಾನಕ್ಕೆ ಹೊರಳಿ,
ಬಿಳಿಯ ಬಾಯಿ ತೆರೆದು ಏನನ್ನೋ ನುಂಗಿ
ಮತ್ತೆ ಕಲ್ಲಾಯಿತು.

ಅವಳ ಕಣ್ಣು ಅಲ್ಲೇ ಇತ್ತು.
ಹದಿನೈದು ಹೆಜ್ಜೆ ದೂರ. ಗಾಳಿಯಿಲ್ಲ.
ಕೋಲು ಹತ್ತಕ್ಕೆ ಏರಿತು,
ಒಂದಕ್ಕೆ ಹೋಯಿತು,
ತಡೆಯಿತು.
ಬೆಳಗಿಂದ ಬಾರದ ಆ ತಡೆ
ಈಗ ಬಂತು, ನಾನು ಕಲಿಸಿದ್ದಕ್ಕಿಂತ ಉದ್ದಕ್ಕೆ.
ದಾರ ಅವಳ ಬೆನ್ನ ಹಿಂದೆ ನೆಟ್ಟಗಾಗಿ, ಸೋತು,
ಮರಳಿನ ಮೇಲೆ ಬಿತ್ತು.

ಸುತ್ತಿಕೊಂಡಳು.
‘ಮುಂದೆ ಚೆನ್ನಾಗಿದೆ ಅಂದಿರಲ್ಲ.’

ಮುಂದೆ ಚೆನ್ನಾಗಿರಲಿಲ್ಲ. ಮಧ್ಯಾಹ್ನ
ಬಂಡೆ ಮೇಲೆ ಬ್ರೆಡ್ಡು, ಚೀಸು, ಅವಳ ಫ್ಲಾಸ್ಕಿನ ಕಾಫಿ.
‘ಏನಿಲ್ಲ ಅನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ?’
ನಿಚ್, ಅಂದೆ.
ನಿಚ್, ನಿಚ್, ಬಾಯಲ್ಲಿ ಆಡಿಸಿ ನೋಡಿದಳು.
ಚೂರೊಂದನ್ನು ಇರುವೆಗೆ ಎಸೆದು
‘ಎಷ್ಟುದ್ದ, ಆ ನಿಚ್ಚು?’

ಎರಡೂ ಕೈ ಅಗಲಿಸಿ ತೋರಿಸಿದೆ,
ಇದ್ದಷ್ಟೇ, ಒಂದು ಬೆರಳೂ ಸೇರಿಸದೆ.
ಮೀನಿನವನ ಕೈ;
ಮನಸ್ಸಲ್ಲೇ ಅರ್ಧಕ್ಕೆ ಇಳಿಸಿಕೊಂಡಿರಬೇಕು.