ಸೋಪು ಹಾಕದ ಡಬ್ಬಿ

ಮುಹರ್ರಕ್. ಬೆಳಿಗ್ಗೆ ಆರೂಮುಕ್ಕಾಲು.
ಶಟರ್ ಅರ್ಧ ಎತ್ತಿದ್ದೆನಷ್ಟೆ,
ಇಸುಬಾಕ ಆಗಲೇ ಮೆಟ್ಟಿಲ ಮೇಲೆ,
ಒಂದು ಕೈಯಲ್ಲಿ ಬೆಕ್ಕಿನ ಬುಟ್ಟಿ,
ಇನ್ನೊಂದರಲ್ಲಿ ಲಬನಿನ ಡಬ್ಬಿ.
"ಲೂಲುವಿನದು. ನಾಲ್ಕೇ ಹನಿ.
ರಾತ್ರಿಯಿಡೀ ಅದರ ಹಿಂದೆ ಕೂತಿದ್ದೆ."

ಡಬ್ಬಿ ತೊಳೆದಿರಾ?
ತೊಳೆದೆ.
ಸೋಪಿನಲ್ಲಾ?
ಮತ್ತೆ?

ಸೋಪು ಸುಳ್ಳು ಹೇಳಿಸುತ್ತದೆ ಇಸುಬಾಕ,
ತಡವಾದರೂ ಸುಳ್ಳೇ.
ನಿಂತ ಉಚ್ಚೆ ನಿಂತಲ್ಲೇ ಕ್ಷಾರಕ್ಕೆ ತಿರುಗುತ್ತದೆ.
ಉಂಡ ಮೇಲಿನದು ಒಂದು ಲೆಕ್ಕ, ಹಸಿದಾಗಿನದು ಇನ್ನೊಂದು.
ನಾಯಿಯದಾದರೆ ಸುಲಭ:
ಕಾಲೆತ್ತಿದಾಗ ಹಿಂದಿನಿಂದ ಸಾರಿನ ಸೌಟು ಒಡ್ಡಿದರಾಯಿತು.
(ಆಮೇಲೆ ಆ ಸೌಟನ್ನು ಅಡುಗೆಮನೆಗೆ ಒಯ್ಯಬೇಡಿ
ಎಂದೂ ಹೇಳಬೇಕಾಗುತ್ತದೆ, ಕೆಲವರಿಗೆ.)

ಡಾಕ್ಟರ್ ನಿವೀನ್ ಕೂದಲೆಳೆಯಂಥ ನಳಿಗೆ ತೂರಿಸಿ
ಬಿಸಿಬಿಸಿಯಾದ ಒಂದು ಹನಿ ಕೊಟ್ಟರು.
ಪಟ್ಟಿ ಅದ್ದಿ ಎಣಿಸಿದೆ, ಒಂಜಿ, ರಡ್ಡ್, ಮೂಜಿ.
ಊರು ಬಿಟ್ಟು ಒಂಬತ್ತು ವರ್ಷ,
ಎಣಿಕೆ ಮಾತ್ರ ಬೇರೆ ನಾಲಿಗೆ ಕಲಿಯಲಿಲ್ಲ.
ಟ್ಯೂಬ್‌ಲೈಟು ಬಣ್ಣ ಕೆಡಿಸುತ್ತದೆಂದು
ಬಾಗಿಲಿನ ಬೆಳಕಿಗೆ ಹಿಡಿದರೆ
ಕಿತ್ತಳೆ ದಾಟಿ, ಎಳೆ ಹಸಿರು ದಾಟಿ,
ಪಾಚಿಯ ಹಸಿರಿಗೆ ನಿಂತಿತ್ತು.
ಏಳೂವರೆ. ಎಂಟೇ ಅನ್ನಿ.

ಸೂಕ್ಷ್ಮದರ್ಶಕದ ಕೆಳಗೆ ಹರಳು,
ಸಣ್ಣ ಸಣ್ಣ ಶವಪೆಟ್ಟಿಗೆಗಳ ಮುಚ್ಚಳ ಚೆಲ್ಲಿದ ಹಾಗೆ.
ಲೂಲು ಅಂದರೆ ಮುತ್ತು.
ಗಂಡು ಬೆಕ್ಕಿಗೆ ಆ ಹೆಸರಿಟ್ಟವಳು ಮನೆಯ ಆರು ವರ್ಷದ ಹುಡುಗಿ;
ಅವಳ ಮುತ್ತಜ್ಜ ಮೂಗಿಗೆ ಚಿಮಟ ಸಿಕ್ಕಿಸಿ
ಕಡಲಿಗೆ ಮುಳುಗುತ್ತಿದ್ದನಂತೆ.
ಇದು ಮುಳುಗಲಿಲ್ಲ. ನೀರನ್ನು ಮೂಸಿಯೂ ನೋಡದೆ
ಒಳಗೇ ಕಟ್ಟಿಕೊಂಡಿತು.

ಬಿಲ್ಲು ಹದಿನೆಂಟು ದಿನಾರ್.
ಮೇಡಂ ಫೋನಿನಲ್ಲೇ ಹೂಂ ಅಂದರು.
ಇಸುಬಾಕ ಹೋಗಲಿಲ್ಲ.
"ಆ ಪಟ್ಟಿ ಇನ್ನೊಂದು ಇದೆಯಾ ತಂಗಿ?
ನನಗೂ ಉರಿ. ಹದಿನೈದು ದಿನವಾಯಿತು.
ಗಾಡಿಯಲ್ಲಿ ಕೂತರೆ ಸಂಜೆವರೆಗೂ ಇಳಿಯುವ ಹಾಗಿಲ್ಲ,
ಕುಡಿದರೆ ಹೋಗಬೇಕಲ್ಲ, ಎಲ್ಲಿ ಹೋಗುವುದು?
ಅದಕ್ಕೇ ಕುಡಿಯುವುದನ್ನೇ ಬಿಟ್ಟೆ."

ಇದು ಪ್ರಾಣಿಗಳದ್ದು ಎನ್ನಲು ಬಾಯಿ ತೆರೆದೆ.
ಅವರು ನಮ್ಮ ಟಾಯ್ಲೆಟ್ಟಿಗೆ ಹೋಗಿ
ಬಹಳ ಹೊತ್ತು ಬರಲಿಲ್ಲ.
ಬಂದಾಗ ಕೈಯಲ್ಲಿ ಅದೇ ಲಬನಿನ ಡಬ್ಬಿ,
ಮುಖ ಗೋಡೆಯ ಕಡೆ.
"ಸೋಪು ಹಾಕಿಲ್ಲ."

ಒಂಜಿ, ರಡ್ಡ್, ಮೂಜಿ.
ಕಿತ್ತಳೆ ಕಿತ್ತಳೆಯಾಗಿಯೇ ಉಳಿಯಿತು.
ಬೆಕ್ಕಿನದಾಗಿದ್ದರೆ ಡಾಕ್ಟರ್ ತಲೆದೂಗುತ್ತಿದ್ದರು.
ಮನುಷ್ಯರ ಚಾರ್ಟು ನಮ್ಮಲ್ಲಿಲ್ಲ.
"ಎಷ್ಟು?" ಎಂದು ಕೇಳಿದರು.
ಪಟ್ಟಿಯದೋ, ದುಡ್ಡೋ,
ತಿಳಿಯದೆ ನಾನು ಇನ್ನೂ ಬೆಳಕಿಗೆ ಹಿಡಿದೇ ನಿಂತಿದ್ದೆ.