ಎಂಟನೆಯ ಪ್ರಶ್ನೆ

ಗ್ರೋನಿಂಗೆನ್ನಿನ ಈ ಕೋಣೆಗೆ ಕಿಟಕಿಯಿಲ್ಲ.
ಎರಡು ಪರದೆ, ಎರಡು ಕುರ್ಚಿ, ಬಿಸ್ಕತ್ತಿನ ಡಬ್ಬಿ,
ಬಂದವರ ಕೈಗೆ ಹತ್ತು ಯೂರೋ ಕೂಪನ್ನು.
ಸುದ್ದಿ ಒಂದೇ:
ನೆಲದಡಿಯ ಅನಿಲ ತೆಗೆದೂ ತೆಗೆದೂ
ಒಳಗೊಳಗೇ ಟೊಳ್ಳಾದ ಊರುಗಳಲ್ಲಿ
ಮನೆಗಳು ನಡುಗುತ್ತಿರುವುದು.

ಒಬ್ಬರಿಗೆ ಬರೀ ಅಕ್ಷರ.
ಇನ್ನೊಬ್ಬರಿಗೆ ಅಕ್ಷರಗಳ ನಡುವೆ ಆಟ:
ಗುಂಡಿ ಒತ್ತಿದರೆ ನಕಾಶೆ ಬಿಚ್ಚಿಕೊಳ್ಳುತ್ತದೆ,
ಪಟ್ಟಿ ಎಳೆದರೆ ಚಿತ್ರದ ಮನೆ ಅಲುಗುತ್ತದೆ,
ಪಿನ್‌ಕೋಡು ಹಾಕಿದರೆ ನಿಮ್ಮೂರಿಗೊಂದು ಬಣ್ಣ ಬರುತ್ತದೆ.
ಯಾರ ತಲೆಯಲ್ಲಿ ಎಷ್ಟು ಉಳಿಯಿತು,
ಎಣಿಸುವುದು ನನ್ನ ಕೆಲಸ.
ಮನೆ ಬಾಡಿಗೆ ಅದರಿಂದಲೇ.

ಯೆಲ್ಮರ್‌ಗೆ ಹತ್ತೊಂಬತ್ತು. ಕೂಪನ್ನಿಗಾಗಿ ಬಂದವನು.
ಕೂತವನೇ ಪಟ್ಟಿ ಎಳೆದ.
ಮನೆ ನಡುಗಿತು, ಚಿಮಣಿ ಉದುರಿತು.
ಮತ್ತೆ ಎಳೆದ. ಗೋಡೆ ಸೀಳಿತು. ನಕ್ಕ.
ಆರು ನಿಮಿಷ, ನಲವತ್ತೊಂದು ಕ್ಲಿಕ್ಕು,
ಎಂಟು ಪ್ರಶ್ನೆಗೆ ಎರಡು ಸರಿ.
ಅದರಲ್ಲೊಂದು ಕಣ್ಣು ಮುಚ್ಚಿ ಹೊಡೆದದ್ದೆಂದು
ಅವನೇ ಹೇಳಿದ, ಬಿಸ್ಕತ್ತು ಮುರಿಯುತ್ತ.

ರೂಲ್ಫಿನಾ ಬೋಲ್ಹೌಸ್ ಬಂದದ್ದು ಎರಡು ಬಸ್ಸು ಬದಲಿಸಿ.
ಅವಳ ಪಾಲಿಗೆ ಬರೀ ಅಕ್ಷರ.
ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟು,
ಬಟಾಣಿಯಲ್ಲಿ ಹುಳುಕು ಆರಿಸುವ ಹಾಗೆ ಓದಿದಳು.
ಒಂದು ಸಾಲಿಗೆ ಮೂರು ಸಲ ಮರಳಿದಳು.
ಅವಳ ಅಡುಗೆಮನೆಯ ಬಿರುಕಿನೊಳಗೆ
ಈಗ ಚಮಚದ ಹಿಡಿ ಹೋಗುತ್ತದಂತೆ,
ಹೋದ ವರ್ಷ ಚಾಕುವಿನ ತುದಿಯಷ್ಟೇ ಹೋಗುತ್ತಿತ್ತಂತೆ.

ಏಳು ಸರಿ.
ಎಂಟನೆಯದು: ಪರಿಹಾರದ ಅರ್ಜಿಗೆ ಎಷ್ಟು ವಾರದಲ್ಲಿ ಉತ್ತರ?
ಸುದ್ದಿ ಹೇಳಿದ್ದು ಹನ್ನೆರಡು.
ಅವಳು ಕೊಟ್ಟ ನಾಲ್ಕೂ ಉತ್ತರಗಳ ಮೇಲೆ ಗೀಟೆಳೆದು
ಹಾಳೆಯ ಅಂಚಿನಲ್ಲಿ ಬರೆದಳು:
ನೂರಾ ಹದಿನಾಲ್ಕು ಆಯಿತು, ಇನ್ನೂ ಬಂದಿಲ್ಲ.
ನನ್ನ ಹತ್ತಿರದ ಉತ್ತರಪಟ್ಟಿಯ ಪ್ರಕಾರ ಅದು ತಪ್ಪು.
ತಪ್ಪೆಂದೇ ಹಾಕಿದೆ.

ಕೂಪನ್ನಿಗೆ ಸಹಿ ಮಾಡಲು ನಿಂತಿದ್ದ ಯೆಲ್ಮರ್
ಚಮಚದ ಮಾತು ಕೇಳಿಸಿಕೊಂಡಿರಬೇಕು.
ಇನ್ನೊಮ್ಮೆ ನೋಡಬಹುದಾ, ಎಂದ.
ಪಿನ್‌ಕೋಡು ಹಾಕಿದ. ಅವನದ್ದಲ್ಲ,
ಅಕ್ಕ ಹೋದ ತಿಂಗಳು ಮನೆ ಕೊಂಡ ಊರಿನದು.
ಬಣ್ಣ ಬಂತು.
ಪಟ್ಟಿಯ ಮೇಲೆ ಬೆರಳಿತ್ತು, ಎಳೆಯಲಿಲ್ಲ.
ಮೊದಲ ಸಾಲಿಗೆ ಹೋದ,
ತುಟಿಯಾಡಿಸುತ್ತ ಓದಿದ, ಇಪ್ಪತ್ತು ನಿಮಿಷ.
ಇದಕ್ಕೆ ನನ್ನ ಕೋಷ್ಟಕದಲ್ಲಿ ಕಾಲಮ್ಮಿಲ್ಲ.
ಅವನ ಹಾಳೆ ಆಗಲೇ ಕಡತ ಸೇರಿತ್ತು.

ಹನ್ನೆರಡು ವಾರ ಅಂತಿದೆಯಲ್ಲ ಇಲ್ಲಿ,
ಎಂದ, ಯಾರಿಗೆಂದಿಲ್ಲದೆ.

ಬಾಗಿಲ ಬಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ರೂಲ್ಫಿನಾ
ಗೋಡೆ ಗಡಿಯಾರ ನೋಡಿದಳು,
ಹಾಕಿದ ಗುಂಡಿ ಬಿಚ್ಚಿ
ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.