ಒಂದು ಗೇಣು

ತುಜ್ಲಾದ ಹಡಗು ಯಾರ್ಡಿನಲ್ಲಿ ನನ್ನ ಕೆಲಸ
ಬೆಸುಗೆಯಲ್ಲ. ಗಾಳಿ.
ಕುರಿಯ ಕರುಳಿನಂತೆ ಸುಕ್ಕುಗಟ್ಟಿದ ಹಳದಿ ಕೊಳವೆ ಹೆಗಲಿಗೇರಿಸಿ
ಹಡಗಿನ ಹೊಟ್ಟೆಯೊಳಗೆ ಕಿಂಡಿಯಿಂದ ಕಿಂಡಿಗೆ ತೆವಳುತ್ತೇನೆ.
ಒಂದು ತುದಿ ಮೇಲೆ, ಫ್ಯಾನಿನ ಬಾಯಲ್ಲಿ;
ಇನ್ನೊಂದು, ಸತಿಲ್ಮಿಶ್ ಉಸ್ತಾನ ಮೊಣಕೈ ಹತ್ತಿರ.

ನಾನು ಬರುವ ಮುಂಚೆ ಇಲ್ಲಿ ಇದ್ದದ್ದು ಮೊಸರು.
ಸತುವಿನ ಲೇಪದ ತಗಡು ಸುಟ್ಟ ದಿನ
ಮಧ್ಯಾಹ್ನ ತಲೆಗೊಂದು ಬಟ್ಟಲು:
ವಿಷ ಇಳಿಯುತ್ತದಂತೆ.
ರಾತ್ರಿ ಬಾಯೊಳಗೆ ಸಿಹಿ ಸಿಹಿ, ಹಲ್ಲು ಕಟಕಟ,
ಮರುದಿನ ಜ್ವರ ಮಾಯ.
ನೋಡು, ಮೊಸರಿನ ಮಹಿಮೆ ಎನ್ನುತ್ತಿದ್ದರು.
ಹೊಟ್ಟೆಗೆ ಹೋದದ್ದು ಹೊಟ್ಟೆಗೆ.
ಎದೆಗೆ ಹೋದದ್ದನ್ನು ಯಾವ ಬಟ್ಟಲೂ ತೊಳೆಯಲಿಲ್ಲ.

ಉಸ್ತಾಗೆ ನನ್ನ ಮೇಲೆ ಸಿಟ್ಟು.
"ಮಗಳೇ, ನಿನ್ನ ಗಾಳಿ ನನ್ನ ಗೆರೆ ಕೆಡಿಸುತ್ತೆ.
ಬೆಂಕಿಗೂ ಒಂದು ಕಂಬಳಿ ಹೊದಿಸಿರುತ್ತೇವೆ, ಕಣ್ಣಿಗೆ ಕಾಣದ ಅನಿಲದ್ದು.
ಅದನ್ನು ಎಳೆದುಬಿಟ್ಟರೆ
ಉಕ್ಕಿನ ತುಂಬ ತೂತು, ಹುಳ ತಿಂದ ಮರದ ಹಾಗೆ."

ಅವನು ಹೇಳಿದ್ದು ನಿಜ.
ಅದಕ್ಕೇ ಮೂರು ದಿನ, ಗುಜರಿಯ ತಗಡಿನ ಮುಂದೆ,
ಜಗಳವಾಡುತ್ತಲೇ ಅಳೆದೆವು.
ನಾಲ್ಕು ಬೆರಳು: ತೂತು ಬಿತ್ತು.
ಒಂದು ಮೊಳ: ಹೊಗೆ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.
ತಲೆಯ ಮೇಲೆ ಹಿಡಿದರೆ
ಮೊದಲು ಅವನ ಮುಖ ಸವರಿ, ಆಮೇಲೆ ಮೇಲೇರಿತು.
ಕೊನೆಗೆ ಪಕ್ಕದಿಂದ, ಒಂದು ಗೇಣು.
ನನ್ನ ಗೇಣಲ್ಲ, ಅವನದು:
ಸುಟ್ಟ ಕಲೆಗಳ ಆ ಕೈ, ಹೆಬ್ಬೆರಳಿಂದ ಕಿರುಬೆರಳಿಗೆ.
ಬೂದು ಎಳೆ ತಡೆಯಿತು, ಬಾಗಿತು,
ಬಾಗಿಲು ತೋರಿಸಿಕೊಂಡ ಅತಿಥಿಯಂತೆ
ಎದ್ದು ಹೊರಟಿತು.

ಸತಿಲ್ಮಿಶ್ ಎಂದರೆ ಮಾರಿಬಿಟ್ಟವನು.
ಮೊದಲಿನ ನಾಲ್ಕೂ ಉಳಿಯದೆ
ತಾಯಿ ಇವನನ್ನು ಹುಟ್ಟಿದ ದಿನವೇ ಒಬ್ಬ ಪೀರನ ಗೋರಿಗೆ ಮಾರಿ
ಸಾವಿನ ಪಟ್ಟಿಯಿಂದ ಹೆಸರು ಹೊಡೆಸಿದ್ದಳಂತೆ.
ಚಹಾದ ಹೊತ್ತಿಗೆ ಇದನ್ನು ಹೇಳಿ ನಕ್ಕ.
ನಗು ಕೆಮ್ಮಾಯಿತು. ಅದು ಮುಗಿಯುವವರೆಗೂ
ಸಣ್ಣ ಗಾಜಿನ ಲೋಟದಲ್ಲಿ ಚಹಾ ನಡುಗುತ್ತಿತ್ತು.
"ಆಮೇಲೆ ನಾನೇ ಇನ್ನೊಮ್ಮೆ ಮಾರಿಕೊಂಡೆ" ಎಂದ,
"ಇಲ್ಲಿ. ದಿನಗೂಲಿಗೆ."

ಮೂವತ್ತೊಂದು ವರ್ಷದ ಹೊಗೆಯನ್ನು
ನನ್ನ ಫ್ಯಾನು ಹಿಂದಕ್ಕೆಳೆಯಲಾರದು. ಅವನಿಗೂ ಗೊತ್ತು.

ಇವತ್ತು ಹೊಸ ಹುಡುಗ ಎಮ್ರುಲ್ಲಾ
ಕೊಳವೆಯನ್ನು ಕಾಲಲ್ಲಿ ಸರಿಸಿ ಕಿಡಿ ಹೊತ್ತಿಸಹೋದ.
ಉಸ್ತಾ ಬೈಯಲಿಲ್ಲ.
ಕಷ್ಟಪಟ್ಟು ಮಂಡಿಯೂರಿ
ಬರಿಯ ಉಕ್ಕಿನ ಮೇಲೆ ಕೈ ಬಿಚ್ಚಿಟ್ಟ.

ಸೀಮೆಸುಣ್ಣದಿಂದ ನಾನು
ಆಚೆಗೊಂದು, ಈಚೆಗೊಂದು ಗೆರೆ ಎಳೆದೆ.